ಏಳನೇ ಆಂಟೆನಾದ ಕಿಡಿ

ನಮ್ಮೂರು ಮಲಾರ್ಗ್ವೆಯಿಂದ ಚಿಲಿಯ ಗಡಿಯವರೆಗೆ ನನ್ನಂತೆ ಆಂಟೆನಾ ನೆಡುವವನು ಇನ್ನೂ ಹುಟ್ಟಿಲ್ಲ. ನಾನು ನೆಟ್ಟ ಕಂಬಕ್ಕೆ ಆಂಡಿಸ್ ಪರ್ವತವೇ ಬೆನ್ನು ಕೊಟ್ಟು ದಣಿವಾರಿಸಿಕೊಳ್ಳುತ್ತದೆ. ಆಕಾಶದಾಚೆಯ ಕಣವೊಂದು ನಮ್ಮ ಗಾಳಿಗೆ ಬಡಿದರೆ, ಆ ಕ್ಷಣದ ರೇಡಿಯೊ ಮಿಡಿತ ನನ್ನ ಆಂಟೆನಾಗಳನ್ನು ತಪ್ಪಿಸಿಕೊಂಡು ಹೋಗಲಾರದು.

ಅಂಥ ನನ್ನ ಹೆಸರನ್ನು, ಕಚೇರಿಯಲ್ಲಿ ಕೂತು ಆ ಮಿಡಿತಗಳನ್ನು ಪರೀಕ್ಷಿಸುವ ಸುಲ್ಮಾ ಗೋಡೆಗೆ ಅಂಟಿಸಿದ್ದಳು! “ಏಳನೇ ಆಂಟೆನಾ, ಭಾನುವಾರ ಮಧ್ಯಾಹ್ನ. ಕಣವಲ್ಲ, ಗದ್ದಲ. ಕಾರಣ: ಎವಾರಿಸ್ತೊ.”

ಮೂರು ಸಲ ಹೀಗೆ ಆಂಟೆನಾದಲ್ಲಿ ಸುಳ್ಳು ಮಿಡಿತದ ಗದ್ದಲವೆಬ್ಬಿಸಿದವನು ಬಯಲು ಬಿಟ್ಟು ಉಗ್ರಾಣದಲ್ಲಿ ಮೊಳೆ ಆರಿಸುತ್ತ ಕೂರಬೇಕು. ಇದು ನನ್ನ ಮೂರನೆಯದು.

ಸುದ್ದಿ ಕಿವಿಗೆ ಬಿದ್ದದ್ದೇ ಬಯಲಿನಿಂದ ಅರವತ್ತು ಕಿಲೋಮೀಟರ್ ಧೂಳು ಕುಡಿದು ಬಂದು, ಟೊಪ್ಪಿಯನ್ನೂ ತೆಗೆಯದೆ ಅವಳ ಕೋಣೆಗೆ ನುಗ್ಗಿದೆ.

“ಏನೇ ಇದು?”

“ಮೆಲ್ಲಗೆ ಮಾತಾಡೋ, ಚಿಲಿಯೋರಿಗೆ ಕೇಳ್ಸುತ್ತೆ.”

“ಕೇಳ್ಲಿ! ಅವತ್ತು ಮಾಟೆ ಕಷಾಯಕ್ಕೆ ಒಲೆ ಹಚ್ಚಿದೋರು ಯಾರು? ನಾನು ಬೆಂಕಿಕಡ್ಡಿ ಕೊಟ್ರೆ, ಗಾಳಿಗೆ ಆರುತ್ತೆ ಅಂತ ಪರ್ಸಿಂದ ಲೈಟರ್ ತೆಗೆದೋರು ಯಾರು?”

ನಮ್ಮ ಬಯಲಲ್ಲಿ ಬೆಂಕಿಕಡ್ಡಿ ಮಾತ್ರ ಗೀರಬೇಕು. ಲೈಟರಿನ ಒಂದು ಕಿಡಿ ಆಂಟೆನಾ ಕಿವಿಗೆ ಸಿಡಿಲು. ಹೊಸಬರಿಗೆಲ್ಲ ಈ ಪಾಠ ಹೇಳುವವಳು ಇದೇ ಮಹಾತಾಯಿ!

ಸುಲ್ಮಾ ಕಂಪ್ಯೂಟರಿನಿಂದ ಕಣ್ಣೆತ್ತಿದಳು. ನನ್ನ ಮೀಸೆಯವರೆಗೆ ಬಂದು ಆ ಕಣ್ಣು ಮತ್ತೆ ಜಾರಿತು.

“ನಿನ್ನ ನೋಡ್ತಾ ನೋಡ್ತಾ ಮರ್ತೆ.”

“ಹಾಗಾದ್ರೆ ಸುಲ್ಮಾ ಅಂತ ಬರಿ!”

“ಬರೆದ್ರೆ ಕೇಳ್ತಾರೆ, ರಜಾ ದಿನ ಅಲ್ಲೇನು ಕೆಲ್ಸ ನಿಂಗೆ ಅಂತ.”

“ಆಂಟೆನಾ ನೋಡೋಕೆ ಹೋಗಿದ್ದೆ ಅನ್ನು.”

“ಆಂಟೆನಾ ಕಡೆ ನಾನು ಒಂದ್ಸಲಾನೂ ತಿರುಗ್ಲಿಲ್ಲ ಕಣೋ, ದಡ್ಡ.”

ನನ್ನ ಎದೆಬಡಿತಕ್ಕೆ ಮೂರು ಜಿಲ್ಲೆಯ ಕಿಟಕಿಗಳು ಅದುರಿರಬೇಕು. ಆದರೂ ಸಿಟ್ಟು ಇಳಿಯಲಿಲ್ಲ.

“ನಾಚಿಕೆ ನಿನ್ದು, ಉಗ್ರಾಣ ನನ್ಗಾ? ಆ ಕತ್ತಲೆ ಗೂಡಲ್ಲಿ ಕೂತು ನಿಂಗೆ ಯಾವ ಬಯಲು ತೋರಿಸ್ಲಿ?”

ಅವಳು ಎದ್ದು ಹೋಗಿ, ಗೋಡೆಯ ಹಾಳೆ ಹರಿದು, ಎಲ್ಲರೆದುರೇ ಹೊಸದು ಬರೆದಳು: “ತಪ್ಪು ಸುಲ್ಮಾಳದು. ಎವಾರಿಸ್ತೊ ಜೊತೆ ಇರಲು ಹೋಗಿದ್ದೆ.” ಹನ್ನೊಂದು ಜನ ಓದಿದರು, ನಾನು ಹೇಳುವಾಗ ಸಾವಿರ.

ಮೇಲಧಿಕಾರಿ ಶಿಕ್ಷೆ ಕೊಟ್ಟರು: ಒಂದು ವಾರ ಕಂಪ್ಯೂಟರ್ ಮುಟ್ಟುವಂತಿಲ್ಲ, ಬಯಲಲ್ಲಿ ಎವಾರಿಸ್ತೊ ಹೇಳಿದಲ್ಲಿ ಗೂಟ ಬಡಿಯಬೇಕು.

ನನ್ನ ರಕ್ತ ಕುದಿಯಿತು. ಅವರ ಮೇಜು ಕುಟ್ಟಿ ಕೇಳಿಯೇಬಿಟ್ಟೆ:

“ಇಷ್ಟು ದೊಡ್ಡ ತಪ್ಪಿಗೆ ಬರೀ ಒಂದು ವಾರಾನಾ, ಸಾಹೇಬ್ರೇ?”