ಮೇಬೆಲ್‌ನ ಒಲೆ ಮತ್ತು ಎರಡು ಸೊಟ್ಟ ಕಪ್ಪುಗಳು

ಈ ಕಥೆಗೆ ಉಪ್ಪು ಖಾರ ನಾನು ಹಾಕಿಲ್ಲ. ಮೊಟ್ಟೆ ಕರಿದವಳೇ ಹಾಕಿದಳು. ಪಕ್ಕದ ಗಾಡಿಯ ಮೆಟ್ಟಿಲ ಮೇಲೆ ಕುಳಿತು ಕಂಡದ್ದನ್ನೇ ಹೇಳುತ್ತಿದ್ದೇನೆ, ನಂಬಿ.

"ಉಳಿ ಕೆಳಗಿಡಿ. ಉಸಿರು ಬಿಗಿಹಿಡಿದು ಹೊರಗೆ ಬನ್ನಿ. ನಿಧಾನ..."

ಒಲೆಯ ಹಿಂದಿನ ಗೋಡೆ ಕೆರೆಯುತ್ತಿದ್ದ ಹೆಸ್ಟರ್ ಬೆಚ್ಚಿ ತಿರುಗಿದಳು. ಕ್ಯಾರವಾನಿನ, ಅಂದರೆ ಕಾರು ಎಳೆಯುವ ಮನೆಗಾಡಿಯ, ಬಾಗಿಲಲ್ಲಿ ಉದ್ದನೆಯ ಮನುಷ್ಯನೊಬ್ಬ ಬಗ್ಗಿ ನಿಂತಿದ್ದ. ಕೈಯಲ್ಲಿ ಟಾರ್ಚು. ಮುಖದಲ್ಲಿ ನಗುವಿನ ಸುಳಿವೇ ಇಲ್ಲ. ಕಣ್ಣು ಮಾತ್ರ... ಛೆ, ಕಣ್ಣನ್ನು ಯಾಕೆ ನೋಡಿದೆ ಎಂದು ತನ್ನನ್ನೇ ಬೈದುಕೊಂಡಳು.

"ಯಾರ್ರೀ ನೀವು? ನಮ್ಮ ಗಾಡಿ, ನಮ್ಮ ಗೋಡೆ. ನಾನು ಕೆರೀತೀನಿ."

"ಒಲೆ ಹಿಂದಿರೋದು ಆಸ್ಬೆಸ್ಟಾಸ್ ಹಲಗೆ ಇರಬಹುದು. ಬೆಂಕಿ ತಾಗದಿರಲಿ ಅಂತ ಆ ಕಾಲದಲ್ಲಿ ಹಾಕ್ತಿದ್ರು. ಕೆರೆದ್ರೆ ಧೂಳು ಎದೆಗೆ ಇಳಿಯುತ್ತೆ. ಒಳಗೆ ಹೋದದ್ದು ವಾಪಸ್ ಬರಲ್ಲ."

ಅವನು ನೆಡ್ ಥ್ಯಾಕ್ರೆ. ಫೈಲಿ ಊರಿನ ಕಡಲತಡಿಯ ಹುಲ್ಲುಗಾವಲಿನಲ್ಲಿ ನಡೆಯುವ ಹಳೇ ಕ್ಯಾರವಾನುಗಳ ಕೂಟಕ್ಕೆ ತಪಾಸಣೆಗಾರ. ಅವನು ಸಹಿ ಹಾಕದ ಗಾಡಿಯಲ್ಲಿ ಯಾರೂ ಒಲೆ ಹಚ್ಚುವಂತಿಲ್ಲ.

ಹೆಸ್ಟರ್‌ಗೆ ಒಲೆ ಹಚ್ಚಲೇಬೇಕಿತ್ತು! ಐವತ್ತಾರನೇ ಇಸವಿಯ ಆ ಗಾಡಿಯ ಹೆಸರು ಮೇಬೆಲ್. ಒಡತಿ ಅವಳ ಅಜ್ಜಿ ಮೇವಿಸ್. ಅಜ್ಜಿಯ ಷರತ್ತು ಒಂದೇ.

"ಕೂಟದ ಶನಿವಾರ ಮೇಬೆಲ್ ಒಳಗೆ ನಂಗೊಂದು ಮೊಟ್ಟೆ ಕರಿದು ಕೊಡು, ಗಾಡಿ ನಿಂದು. ಆಗದಿದ್ರೆ ಹೂವಿನಂಗಡಿಯೋನಿಗೆ. ಒಳಗೆಲ್ಲ ಕುಂಡ ಜೋಡಿಸ್ತಾನಂತೆ."

ಬಾಲ್ಯದ ಅಷ್ಟೂ ಬೇಸಿಗೆ ಕಳೆದ ಗಾಡಿಯೊಳಗೆ ಹೂಕುಂಡ... ಅದನ್ನು ಮಾತ್ರ ಹೆಸ್ಟರ್ ಆಗಗೊಡುವವಳಲ್ಲ. ಕೂಟಕ್ಕೆ ಉಳಿದದ್ದು ಐದು ವಾರ.

ನೆಡ್ ಮಂಡಿಯೂರಿ, ಒಲೆಯ ಕೆಳಗಿನ ತೂತಿನಿಂದ ಒಂದು ಬೂದು ಕಾಲುಚೀಲವನ್ನು ಎಳೆದು ತೆಗೆದ.

"ಇದೇನು?"

"ತಾತಂದು. ಕಾಲಿಗೆ ಚಳಿಗಾಳಿ ಹೊಡೀಬಾರದು ಅಂತ. ಎಲ್ಲರೂ ಹಾಗೇ ತುರುಕ್ತಾರೆ."

"ಎಲ್ಲರೂ ತುರುಕ್ತಾರೆ, ನಾನು ಎಲ್ಲರದ್ದೂ ಎಳೀತೀನಿ. ಗ್ಯಾಸು ಗಾಳಿಗಿಂತ ಭಾರ. ಸೋರಿದ್ರೆ ಈ ತೂತಿನಿಂದಲೇ ಇಳಿದು ಹೋಗ್ಬೇಕು. ನಿಮ್ಮ ತಾತ ಬರೀ ಅದೃಷ್ಟದ ಮೇಲೆ ಚಹಾ ಕಾಸಿದ್ದಾರೆ."

ಆಮೇಲೆ ಒಲೆಯ ಪಕ್ಕದ ಕಿಟಕಿಯ ನೀಲಿ ಪರದೆ ತೋರಿಸಿದ. "ಇದೂ ಇಲ್ಲಿರಬಾರದು."

"ಅದನ್ನ ಮುಟ್ಟಿದ್ರೆ ನಿಮ್ಮ ಟಾರ್ಚು ಸಮುದ್ರಕ್ಕೆ."

ಮದುವೆಯಾದ ವಾರವೇ ಅಜ್ಜಿ ಆ ಪರದೆಯ ಅಂಚಿಗೆ ಎರಡು ಪುಟ್ಟ ಚಹಾ ಕಪ್ಪುಗಳ ಕಸೂತಿ ಹಾಕಿದ್ದಳು. ಒಂದು ತನಗೆ, ಒಂದು ಗಂಡನಿಗೆ.

ನೆಡ್ ಒಂದು ಕ್ಷಣ ಆ ಕಪ್ಪುಗಳನ್ನೇ ನೋಡಿದ. "ಹಾಗಾದ್ರೆ ಸಹಿ ಇಲ್ಲ," ಎಂದು ಹೊರಟುಹೋದ.

ಎಂಥಾ ಕಲ್ಲು ಮನುಷ್ಯ, ಅಂದುಕೊಂಡಳು ಹೆಸ್ಟರ್.

ಹಲಗೆಯ ಒಂದು ಚೂರು ಪರೀಕ್ಷೆಗೆ ಹೋಯಿತು. ಅವನ ಮಾತು ನಿಜವಾಯಿತು. ಅದಕ್ಕೆಂದೇ ಇರುವ ಜನ ಮುಖಗವಸು ತೊಟ್ಟು ಬಂದು ಹಲಗೆಯನ್ನು ತೆಗೆದುಕೊಂಡು ಹೋದರು. ಮುಂದಿನ ಭಾನುವಾರ ಕಲ್ಲು ಮನುಷ್ಯ ತಾನಾಗೇ ಬಂದ, ಹೆಗಲ ಮೇಲೆ ಬೆಂಕಿ ತಾಳುವ ಹೊಸ ಹಲಗೆ, ಕಂಕುಳಲ್ಲಿ ಸ್ಟೀಲ್ ತಗಡು.

"ಎರಡರ ಮಧ್ಯೆ ಬೆರಳಗಲ ಜಾಗ ಬಿಡಿ. ಬಿಸಿ ಹೊರಗೆ ಹೋಗೋಕೆ ದಾರಿ ಬೇಕು."

"ಮನುಷ್ಯರಿಗೂ ಅಷ್ಟೇನಾ?"

"ಮನುಷ್ಯರಿಗೆ... ನಿಯಮ ಬರೆದಿಲ್ಲ." ಅವನ ಕಿವಿ ಕೆಂಪಾಯಿತು.

ಆ ಕಿವಿ ನೋಡಿದಾಗಿನಿಂದ ಹೆಸ್ಟರ್‌ಗೆ ಭಾನುವಾರ ಬೇಗ ಬರಬಾರದೇ ಅನ್ನಿಸತೊಡಗಿತು. ಒಂದು ಮಧ್ಯಾಹ್ನ ಹೊರಗಿನಿಂದ ಗಡಸು ದನಿ ಕೇಳಿತು. "ಹೆಸ್ಟರ್, ನಿಮ್ಮ ಹೃದಯಕ್ಕೆ ಗಾಳಿತೂತು ಇಲ್ಲ. ಸಹಿ ಹಾಕಲ್ಲ." ಕೂದಲು ಸರಿಮಾಡಿಕೊಂಡು ಓಡಿ ಬಂದರೆ ನೆಡ್ ಇಲ್ಲ, ಗಲ್ಲ ಉಬ್ಬಿಸಿ ಅವನ ದನಿ ಅಣಕಿಸುತ್ತ ನಿಂತ ಅಜ್ಜಿ.

"ಓಡಿ ಬಂದ ವೇಗ ನೋಡಿದ್ರೆ ಗೊತ್ತಾಯ್ತು ಬಿಡು," ಅಂದಳು ಮುದುಕಿ.

ಆದರೆ ಕೂಟದ ಹಿಂದಿನ ದಿನ, ಶುಕ್ರವಾರ ಬೆಳಿಗ್ಗೆ ಪರದೆಯೇ ಮಾಯ!

ಹುಡುಕುತ್ತ ಹೊರಬಂದ ಹೆಸ್ಟರ್ ನೆಡ್‌ನ ವ್ಯಾನಿನ ಕಿಟಕಿಯಲ್ಲಿ ಇಣುಕಿದಳು. ಸೀಟಿನ ಮೇಲೆ ನೀಲಿ ಬಟ್ಟೆ. ಪಕ್ಕದಲ್ಲಿ ಹೂವಿನಂಗಡಿಯ ಚೀಲ.

ಅಂದರೆ... ಇವನು ಹೂವಿನಂಗಡಿಯವನ ಕಡೆಯವನಾ? ಆ ಭಾನುವಾರಗಳೆಲ್ಲ ಇದಕ್ಕೇನಾ?

"ಎಷ್ಟು ದಿನದಿಂದ ನಡೀತಿದೆ ಈ ನಾಟಕ?" ನೆಡ್ ಎದುರಾದಾಗ ಅವಳು ದಾರಿಗೆ ಅಡ್ಡ ನಿಂತಳು. "ಗಾಡಿ ಸಾಲದು ಅಂತ ಪರದೆನೂ ಕದ್ರಾ?"

ಅವನು ಬಾಯಿ ತೆರೆದ. ಹುಲ್ಲಿನಾಚೆ ಕುಳಿತಿದ್ದ ಅಜ್ಜಿಯನ್ನು ನೋಡಿದ. ಬಾಯಿ ಮುಚ್ಚಿದ.

"ನಾಳೆ ಹತ್ತಕ್ಕೆ ತಪಾಸಣೆ," ಅಂದ ಅಷ್ಟೇ.

ಶನಿವಾರ ಹತ್ತಕ್ಕೆ ಸರಿಯಾಗಿ ಬಂದ. ಹೆಸ್ಟರ್ ಮುಖ ಗಂಟಿಕ್ಕಿ ನಿಂತಳು. ಅವನು ತಗಡು ತಟ್ಟಿದ, ತೂತಿಗೆ ಟಾರ್ಚು ಬಿಟ್ಟ, ಸಿಲಿಂಡರ್ ಮುಚ್ಚಿದೆಯೇ ಎಂದು ಎರಡು ಸಲ ನೋಡಿದ.

"ಕೊನೆಯದು. ಬಾಗಿಲ ಪಕ್ಕದ ಕೆಂಪು ಚೀಲದಲ್ಲಿ ಬೆಂಕಿ ಕಂಬಳಿ ಇದೆ. ಬಾಣಲೆ ಹೊತ್ತಿಕೊಂಡ್ರೆ ಮುಚ್ಚೋಕೆ. ಎರಡೂ ಪಟ್ಟಿ ಹಿಡಿದು ಜೋರಾಗಿ ಎಳೀರಿ."

ಇದ್ದ ಸಿಟ್ಟೆಲ್ಲ ಸೇರಿಸಿ ಎಳೆದಳು. ಕಂಬಳಿ ಬರಲಿಲ್ಲ. ನೀಲಿ ಪರದೆ ಹಾರಿ ಬಂದು ಅವಳ ತಲೆಯ ಮೇಲೆ ಬಿತ್ತು.

ಹೊರಗೆ ಅಜ್ಜಿ ಕೊಕ್ಕೊಕ್ಕೋ ಎಂದು ನಗತೊಡಗಿದಳು.

ಪರದೆ ಸರಿಸಿದ ಹೆಸ್ಟರ್‌ಗೆ ಅಂಚಿನಲ್ಲಿ ಕಂಡದ್ದು ನಾಲ್ಕು ಚಿತ್ರ. ಎರಡು ಹಳೆಯ ಕಪ್ಪು. ಪಕ್ಕದಲ್ಲಿ ಹೊಸ ದಾರದ, ಸೊಟ್ಟಗಿನ ಇನ್ನೆರಡು...

"ಇವೇನು, ಬಕೆಟ್ಟಾ?"

"ಕಪ್ಪು," ಅಂದ ನೆಡ್ ಮೆಲ್ಲಗೆ. "ಪರದೆ ನಿಮ್ಮಜ್ಜಿನೇ ಕೊಟ್ರು, ಹೊಲಿಯೋದೂ ಹೇಳಿಕೊಟ್ರು, ಇವತ್ತಿನವರೆಗೆ ಗುಟ್ಟು ಬಿಡಬಾರದು ಅಂದ್ರು. ಹೂವಿನಂಗಡಿಗೆ ಹೋಗಿದ್ದು ಮೇಬೆಲ್ ಸಿಗಲ್ಲ ಅಂತ ಹೇಳೋಕೆ. ಬರಿಗೈಲಿ ಬರೋಕೆ ಸಂಕೋಚ ಆಗಿ ಒಂದು ಗಿಡ ತಂದೆ."

"ಈ ಕಪ್ಪುಗಳು ಯಾರಿಗೆ?"

"ಒಂದು ನಿಮಗೆ. ಇನ್ನೊಂದಕ್ಕೆ ನಿಮ್ಮ ಸಹಿ ಬೇಕು."

ಹೆಸ್ಟರ್ ಅವನ ಜೇಬಿನ ಪೆನ್ನು ಕಿತ್ತು, ಸೂಜಿ ಚುಚ್ಚಿದ ಗುರುತುಗಳಿದ್ದ ಅವನ ಅಂಗೈ ಮೇಲೆ ತನ್ನ ಹೆಸರು ಬರೆದಳು. ಬರೆಯುವಾಗ ಕಣ್ಣು ಮಂಜಾಗಿತ್ತು.

ನಿಜವಾದ ಕಂಬಳಿ ಚೀಲಕ್ಕೆ ಸೇರಿತು. ಪರದೆ ಒಲೆಯಿಂದ ದೂರ, ಮಂಚದ ಕಡೆಯ ಕಿಟಕಿಗೆ ಏರಿತು. ನೆಡ್ ಸಹಿ ಹಾಕಿದ ಮೇಲೆ ಮೇಬೆಲ್‌ನ ಒಲೆ ಹೊತ್ತಿತು.

ಅಜ್ಜಿ ಮೊಟ್ಟೆಯ ಒಂದು ತುತ್ತು ತಿಂದು ಮುಖ ಕಿವುಚಿದಳು. ಆಮೇಲೆ ನೆಡ್‌ನ ದನಿಯಲ್ಲೇ ಹೇಳಿದಳು: "ಗಾಡಿ ಪಾಸು. ಅಡುಗೆಯವಳು ಫೇಲು. ಉಪ್ಪು ಎರಡು ಸಲ ಬಿದ್ದಿದೆ."

"ಅವರು ನನ್ನನ್ನೇ ನೋಡ್ತಿದ್ರೆ ಲೆಕ್ಕ ಹೇಗೆ ಇರುತ್ತೆ ಅಜ್ಜಿ?"

"ನಾನು ಒಲೆ ನೋಡ್ತಿದ್ದೆ," ಅಂದ ನೆಡ್. ಕಿವಿ ಮಾತ್ರ ಕೆಂಪು.

ಎಲ್ಲರೂ ನಕ್ಕೆವು. ಎಲ್ಲರಿಗಿಂತ ಜೋರಾಗಿ ನಕ್ಕವಳು, ಪರದೆ ತಲೆಗೆ ಬಿದ್ದಾಗ ಕೆದರಿದ ಕೂದಲನ್ನು ಇನ್ನೂ ಸರಿಮಾಡಿಕೊಳ್ಳದ ಹೆಸ್ಟರ್.