ಬೈರಮ್ಮನ ವಠಾರದ ಹುಂಡಿ

ಹುಂಡಿಯಲ್ಲಿ ದುಡ್ಡಿರಲಿಲ್ಲ. ನಾಲ್ಕೂ ಮನೆಯವರ ಎದುರಿಗೆ ಬೈರಮ್ಮ ಅದನ್ನು ಜಗಲಿಯ ಅಂಚಿಗೆ ಕುಕ್ಕಿ ಒಡೆದಾಗ ಹೊರಬಿದ್ದದ್ದು ಹಳೆಯ ಪೇಪರಿನ ಉಂಡೆಗಳು, ಒಂದಿಷ್ಟು ಜಲ್ಲಿಕಲ್ಲು, ನಾಲ್ಕಾಗಿ ಮಡಚಿದ ಎರಡು ನೋಟು. ಅಷ್ಟೇ.

ಪಾಂಡವಪುರದ ಆ ಬೀದಿಯಲ್ಲಿ ಇಂಥದ್ದೇನಾದರೂ ನಡೆದರೆ ಜನ ಠಾಣೆಗಿಂತ ಮೊದಲು ಬಡಿಯುತ್ತಿದ್ದದ್ದು ಎದುರು ಮನೆಯ ಹೊನ್ನಪ್ಪನವರ ಬಾಗಿಲು. ಪೊಲೀಸ್ ಇಲಾಖೆಯ ನಿವೃತ್ತ ಜಮೇದಾರರು. ಆ ದಿನ ಬಾಗಿಲು ತೆರೆದವಳು ಅವರ ತಂಗಿಯ ಮಗಳು ಪ್ರಮೀಳಾ. ಮೈಸೂರಿನಲ್ಲಿ ಎಂ.ಎ. ಮುಗಿಸಿ, ಊರಿನ ಕಾಲೇಜಿನಲ್ಲಿ ಪಾಠ ಹೇಳುತ್ತ, ಸೋದರಮಾವನ ಮನೆಯಲ್ಲೇ ಇದ್ದಳು. ಮಾವ ಎಲ್ಲಿಗೆ ಪತ್ತೆಗೆ ಹೊರಟರೂ ಅವಳು ಹಿಂದೆ.

ಹೊಸ್ತಿಲಲ್ಲಿ ಚಿಕ್ಕಬೋರಮ್ಮ ನಿಂತಿದ್ದಳು. ವಠಾರದ ಕೊನೆಯ ಮನೆಯವಳು, ಆಲೆಮನೆಯಲ್ಲಿ ಕೂಲಿ. ಅಳುತ್ತಿರಲಿಲ್ಲ. ಅಳು ಮುಗಿದವರ ಮುಖ.

"ಜಮೇದಾರ್ರು ಅವ್ರಾ ಕೂಸು? ನನ್ನ ಕಳ್ಳಿ ಅಂತವ್ರೆ. ಒತ್ತು ಮುಳುಗೋದ್ರೊಳಗೆ ಮನೆ ಬುಡ್ಬೇಕಂತೆ. ಮಗ್ಳು ಅಸಿ ಬಾಣಂತಿ. ಮಗೀಗೆ ಹದಿನೈದು ದಿನ. ಎಲ್ಲಿಗ್ ಒತ್ಕೊಂಡೋಗ್ಲಿ?"

ಹೊನ್ನಪ್ಪನವರು ಕೇಳಿದ್ದು ಒಂದೇ ಮಾತು. "ಒಡೆದ ಹುಂಡಿಯನ್ನ ಯಾರಾದ್ರೂ ಗುಡಿಸಿದ್ರಾ?"

"ಇಲ್ಲ. ಅಂಗೇ ಬಿದ್ದದೆ."

"ನಡಿ ಹಂಗಾದ್ರೆ. ಪ್ರಮೀಳಾ, ಬಾ."

ಬೀದಿ ದಾಟುವಷ್ಟರಲ್ಲಿ ಹಿಂದಿನ ಕತೆ ಪ್ರಮೀಳಾಗೆ ನೆನಪಾಯಿತು. ಅದು ಬೀದಿಗೆಲ್ಲ ಗೊತ್ತಿದ್ದ ಜಗಳ. ನಾಲ್ಕು ಮನೆಗೂ ಒಂದೇ ಮೀಟರು. ವಠಾರದ ಒಡತಿ ಬೈರಮ್ಮನ ಗಂಡ ಬದುಕಿದ್ದಾಗ ಕಟ್ಟದೆ ಬಿಟ್ಟ ಕರೆಂಟ್ ಬಿಲ್ಲಿನ ಬಾಕಿ ಬೆಟ್ಟದಷ್ಟಾಗಿ, ಎರಡು ತಿಂಗಳ ಗಡುವು ಬಂದಿತ್ತು. ಹಿಂದೊಮ್ಮೆ ಬಿಲ್ಲಿನ ದುಡ್ಡು ಒಟ್ಟು ಮಾಡಿದವನೊಬ್ಬ ಅದನ್ನು ತಿಂದು ಊರು ಬಿಟ್ಟಿದ್ದ. ಅಂದಿನಿಂದ ಆ ವಠಾರದಲ್ಲಿ ಯಾರ ಕೈಗೂ ದುಡ್ಡು ಕೊಡುವುದಿಲ್ಲ. ಮಣ್ಣಿನ ಹುಂಡಿಗೆ ಹಾಕಿ ಬೈರಮ್ಮನ ದೇವರ ಕೋಣೆಯಲ್ಲಿಟ್ಟು, ಕಟ್ಟುವ ದಿನ ಎಲ್ಲರೆದುರು ಒಡೆಯುವುದು ಪದ್ಧತಿ. ಬೈರಮ್ಮ, ಜವಾನ ರಂಗಸ್ವಾಮಿ, ಸೈಕಲ್ ಅಂಗಡಿಯ ಶಿವಣ್ಣ, ಮೂವರೂ ಮೊದಲ ದಿನವೇ ತಮ್ಮ ಪಾಲನ್ನು ಪೂರ್ತಿ ಹಾಕಿದ್ದರು. ಚಿಕ್ಕಬೋರಮ್ಮ ಮಾತ್ರ ವಾರವಾರ, ಶನಿವಾರದ ಕೂಲಿ ಬಂದಾಗ, ಕಂತು ಹಾಕುತ್ತೇನೆ ಅಂದಿದ್ದಳು.

"ನಾವು ಒಂದೇ ಸಲ ಎಣಿಸಿ ಕೊಡೋದು, ಇವ್ಳು ತೊಟ್ಟುತೊಟ್ಟು ಬುಡೋದು, ಇದ್ಯಾವ ನ್ಯಾಯ?" ಎಂದು ಶಿವಣ್ಣ ಅಂದು ಬೀದಿಗೆ ಕೇಳುವಂತೆ ಕೂಗಿದ್ದ. "ನಿಮ್ದೂ ಎರಡ್ ತಿಂಗ್ಳು ಮಡಕೇಲಿ ಕೊಳೀತದೆ, ನಂದೂ ಅದೇ ದಿನ ಆಚೆ ಬತ್ತದೆ. ಭೇದ ಏನಣ್ಣ?" ಎಂದು ಚಿಕ್ಕಬೋರಮ್ಮ ಕೇಳಿದ್ದಳು.

ವಠಾರದ ಅಂಗಳದಲ್ಲಿ ಆಗಲೇ ಚಿಕ್ಕಬೋರಮ್ಮನ ಪಾತ್ರೆಪಗಡಗಳು ಹೊರಗೆ ಬಿದ್ದಿದ್ದವು. ನೀರು ಕಾಯಿಸುವ ಹಂಡೆ, ಒಂದು ಒರಳು, ಹಗ್ಗ ಸುತ್ತಿದ ಚಾಪೆ. ಬಾಗಿಲ ಸಂದಿಯಿಂದ ಸಾಂಬ್ರಾಣಿ ಹೊಗೆ ಬರುತ್ತಿತ್ತು. ಒಳಗೆ ಅವಳ ಮಗಳು ಸ್ನೇಹ ಮಗುವನ್ನು ಅವಚಿಕೊಂಡು ಕೂತಿದ್ದಳು. ಹೊರಗೆ ಆಡುವ ಮಾತಿನ ಪ್ರತಿ ಅಕ್ಷರವೂ ಆ ಹುಡುಗಿಗೆ ಕೇಳುತ್ತಿದೆ ಎಂಬುದು ಪ್ರಮೀಳಾಗೆ ಹೊಳೆಯಿತು.

"ಬನ್ನಿ ಜಮೇದಾರ್ರೇ," ಎಂದ ಶಿವಣ್ಣ. "ನೋಡಿ ಈ ವೈನಾನ. ನಾವು ದುಡ್ಡು ಹಾಕಿದ ಮೇಲೆ ಆ ಕೋಣೆಗೆ ತಲೆ ಆಕಿಲ್ಲ. ವಾರವಾರ ಒಳಕ್ಕೋಗ್ತಿದ್ದೋಳು ಇವ್ಳೊಬ್ಳೇ. ಹುಂಡೀನೇ ಬದಲಾಯಿಸವ್ಳೆ. ಸೋಗೆ ಸುತ್ತಿದ ಪುಡಿಗಾಸು ಆಕ್ತಾ ಆಕ್ತಾ ನಮ್ಮ ಇಡಿಗಂಟನ್ನೇ ಎತ್ಬುಟ್ಟವ್ಳೆ."

"ಎತ್ತಿ ಏನ್ ಮಾಡವ್ಳೆ ಅಂತ ಬೇಡ್ವೇನ್ಲಾ?" ಎಂದ ರಂಗಸ್ವಾಮಿ. ಅವನ ಬಾಯಿ ಎಂಥ ಹೊತ್ತಿನಲ್ಲೂ ಸುಮ್ಮನಿರುತ್ತಿರಲಿಲ್ಲ. "ಮೂಗಲ್ಲಿದ್ದ ಮೂಗುತೀನೂ ಕಾಣಾಕಿಲ್ಲ. ದುಡ್ಡು ಕದ್ದೋರು ಬಡವ್ರಾಗೋದ ನಾನು ಇವತ್ತೇ ನೋಡಿದ್ದು."

"ನೀನು ಸುಮ್ಕಿರು ರಂಗಸ್ವಾಮಿ," ಎಂದಳು ಬೈರಮ್ಮ. "ಸಂಜೆಗೆ ಲೈನ್‌ಮನ್ನು ಬತ್ತಾನೆ. ನನ್ನ ಮನೆ ಕತ್ಲಾಯ್ತದೆ. ನಾನೇನು ಕಲ್ಲಾ? ಆದ್ರೂ ಎಲ್ಲಿಂದ ತರ್ಲಿ ಇನ್ನೊಂದ್ ಸಲ?"

ಹೊನ್ನಪ್ಪನವರು ಕುಕ್ಕರುಗಾಲಲ್ಲಿ ಕೂತು ಹುಂಡಿಯ ಚೂರುಗಳನ್ನು ನೋಡಿದರು. ಮಡಚಿದ ಎರಡು ನೋಟುಗಳನ್ನು ಮೂಸಿದರು. ಆಮೇಲೆ ಬೈರಮ್ಮನನ್ನು ಕೇಳಿದರು:

"ಈಕೆ ದುಡ್ಡು ಹಾಕೋದನ್ನ ನೀನು ನೋಡ್ತಿದ್ಯಾ?"

"ಬಾಗ್ಲಲ್ಲಿ ನಿಂತಿರ್ತಿದ್ದೆ. ಬೆನ್ನು ಕಾಣ್ತಿತ್ತು. ಸೊಂಟದಿಂದ ತೆಗ್ದು ತುರುಕ್ತಿದ್ಲು. ಎಷ್ಟು, ಏನು, ನಾನು ಕಾಣೆ."

"ರಂಗಸ್ವಾಮಿ?"

"ನನ್ನ ಪಾಲು ಹಾಕ್ದಾಗ ಕಣ್ಣೀರು ಬಂದಿತ್ತು ಸಾಮಿ. ಮತ್ತೆ ಆ ಕಡೆ ತಿರುಗಿ ನೋಡಿಲ್ಲ."

"ನೀನು ಶಿವಣ್ಣ? ಯಾವಾಗ್ಲಾದ್ರೂ ಇವಳ ಕೈಯಲ್ಲಿ ಆ ದುಡ್ಡು ನೋಡಿದ್ದುಂಟಾ?"

"ನಾನ್ಯಾಕೆ ನೋಡ್ಲಿ? ಪೂರ್ತಿ ಕೊಟ್ಟ ದಿವ್ಸದಿಂದ ನಾನು ಬೈರಕ್ಕನ ಹೊಸ್ಲು ತುಳಿದಿಲ್ಲ. ಶನಿವಾರ ಸಂಜೆ ಅಂಗ್ಡೀಲಿ ಉಸಿರಾಡೋಕೂ ಪುರ್ಸೊತ್ತಿರಲ್ಲ."

ಹೊನ್ನಪ್ಪನವರು ತಲೆಯಾಡಿಸಿ, ಚಿಕ್ಕಬೋರಮ್ಮನನ್ನು ಬಚ್ಚಲಿನ ಹಿಂದಕ್ಕೆ ಕರೆದುಕೊಂಡು ಹೋದರು. ಪ್ರಮೀಳಾ ಜೊತೆಗಿದ್ದಳು.

"ನಿನ್ನ ಕಂತು ಹೆಂಗಿರ್ತಿತ್ತು ಹೇಳು. ಎಷ್ಟು ಅಂತಲ್ಲ, ಹೆಂಗೆ ಅಂತ."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೇಳಿದಳು. ಕೊಪ್ಪರಿಗೆಯ ಹತ್ತಿರ ಕೆಲಸ ಮಾಡುವವರ ಕೈಯೆಲ್ಲ ಬೆಲ್ಲದ ಅಂಟು. ನೋಟು ಹಾಳಾಗುತ್ತದೆಂದು ಆಲೆಮನೆಯ ಯಜಮಾನ ವಾರದ ಕೂಲಿಯನ್ನು ಸುರುಳಿ ಸುತ್ತಿ, ಒಣಗಿದ ಕಬ್ಬಿನ ಸೋಗೆಯ ಸೀಳಿನಿಂದ ಕಟ್ಟಿ ಕೊಡುತ್ತಿದ್ದ. ಕಂತಿನದು ಒಂದು ಸುರುಳಿ, ಮನೆಗೆ ಇನ್ನೊಂದು. ಕಂತಿನ ಸುರುಳಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರ ಹುಂಡಿಗೆ ಹಾಕುತ್ತಿದ್ದಳು.

"ಯಾರಿಗೂ ತೋರಿಸ್ಲಿಲ್ವಾ?"

"ಇಲ್ಲ. ಅಷ್ಟೇನಾ ಅಂತ ನಗ್ತಾರೆ ಅಂತ ಸೆರಗಲ್ಲಿ ಮುಚ್ಕೊಂಡೇ ಓಯ್ತಿದ್ದೆ."

"ಕೊನೆಯವೆರಡು? ಹುಂಡೀಲಿ ಸಿಕ್ಕ ಆ ಮಡಚಿದ ನೋಟಿಗೆ ಬೆಲ್ಲದ ವಾಸನೆ ಇರಲಿಲ್ಲ."

"ಮಗ್ಳು ಹೆತ್ತ ಮೇಲೆ ಆಲೆಮನೆ ಬುಟ್ಟೆ. ಮೂಗುತಿ ಮಾರ್ದೆ. ಆ ದುಡ್ಡು, ಸುಮ್ನೆ ಮಡಚಿ ಹಾಕಿದ್ದು." ಅವಳು ಮೂಗು ಮುಟ್ಟಿಕೊಂಡಳು. "ಯಾಕ್ ಸಾಮಿ?"

ಹೊನ್ನಪ್ಪನವರು ಬೀದಿಯತ್ತ ನಡೆದು ಶಿವಣ್ಣನ ಅಂಗಡಿಯ ಮುಂದೆ ನಿಂತರು. ಬಾಡಿಗೆಯ ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಹಿಂದೆಯೇ ಬಂದ ರಂಗಸ್ವಾಮಿ, "ಒಂದೂವರೆ ತಿಂಗ್ಳು ಈ ಸೈಕಲ್ಲುಗಳು ಕಾಣೆಯಾಗಿದ್ವು ಸಾಮಿ. ಶ್ರೀರಂಗಪಟ್ಟಣದಲ್ಲಿ ಪೇಂಟಿಗೆ ಬುಟ್ಟಿವ್ನಿ ಅಂದ. ಮೊನ್ನೆ ಮೊನ್ನೆ ಬಂದ್ವು. ಪೇಂಟು ಎಲ್ಲದೆ ಅಂತ ನಾನೂ ಹುಡುಕ್ತಾನೇ ಇವ್ನಿ," ಎಂದ. ಹೊನ್ನಪ್ಪನವರು ಒಂದು ಸೈಕಲ್ಲಿನ ಹಿಂದಿನ ಮಡ್ಗಾರ್ಡಿನ ಮೇಲೆ ಬೆರಳಾಡಿಸಿದರು. ಬಿಳಿ ಬಣ್ಣದಲ್ಲಿ ಬರೆದದ್ದನ್ನು ಯಾರೋ ಕೆರೆದು ತೆಗೆದಿದ್ದ ಗುರುತಿತ್ತು. ಪಕ್ಕದ ಸೈಕಲ್ಲಿನ ಮೇಲೂ.

"ಎಲ್ಲರನ್ನೂ ಅಂಗಳಕ್ಕೆ ಕರಿ," ಎಂದರು ಪ್ರಮೀಳಾಗೆ.

ಬಿಸಿಲು ವಾಲಿತ್ತು. ಬೈರಮ್ಮ ಜಗಲಿಯ ಮೇಲೆ, ರಂಗಸ್ವಾಮಿ ಕಂಬಕ್ಕೆ ಒರಗಿ, ಶಿವಣ್ಣ ಕೈಕಟ್ಟಿ ನಿಂತ. ಚಿಕ್ಕಬೋರಮ್ಮ ತನ್ನ ಬಾಗಿಲಿಗೆ ಅಡ್ಡ ನಿಂತಳು, ಒಳಗೆ ಯಾರೂ ನುಗ್ಗದಂತೆ.

"ಹುಂಡಿ ಬದಲಾಗಿರೋದು ನಿಜ," ಎಂದು ಹೊನ್ನಪ್ಪನವರು ಶುರು ಮಾಡಿದರು. "ಯಾವಾಗ ಅನ್ನೋದು ಮೊದಲ ಪ್ರಶ್ನೆ. ಕಳ್ಳ ಹುಂಡಿಯೊಳಗೆ ಎರಡು ನಿಜವಾದ ನೋಟು ಇದ್ವು. ಕೊನೆಯ ಎರಡು ಶನಿವಾರ ಚಿಕ್ಕಬೋರಮ್ಮ ಹಾಕಿದ್ದು ಅವೇ. ಅಂದ್ರೆ ಅದಕ್ಕೂ ಮೊದಲೇ ಹುಂಡಿ ಬದಲಾಗಿತ್ತು. ತಾನೇ ಬದಲಾಯಿಸಿದ್ರೆ, ಮೂಗುತಿ ಮಾರಿ ಕಲ್ಲು ತುಂಬಿದ ಮಡಕೆಗೆ ಯಾಕೆ ದುಡ್ಡು ಹಾಕ್ತಾಳೆ?"

"ನಾಟ್ಕಕ್ಕೆ," ಎಂದ ಶಿವಣ್ಣ. "ತೋರಿಸಿಕೊಳ್ಳೋಕೆ."

"ಯಾರಿಗೆ? ಹಾಕೋದನ್ನ ಯಾರೂ ನೋಡ್ತಿರಲಿಲ್ಲ ಅಂತ ನೀವು ಮೂವರೂ ನನಗೆ ಹೇಳಿದ್ರಿ. ನಾಟಕ ಆಡೋಳಿಗೆ ಪೇಪರ್ ಉಂಡೆ ಸಾಕಾಗಿತ್ತು."

ಬೈರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಮಗು ಹುಟ್ಟೋಕೆ ಮೊದಲು ಹಾಕಿದ ಕಂತು ಇದರಲ್ಲಿಲ್ಲ, ಆಮೇಲಿನವು ಮಾತ್ರ ಇವೆ. ಆ ಮಗು ಹುಟ್ಟಿದ ವಾರ ನೀನು ಎಲ್ಲಿದ್ದೆ ಬೈರಮ್ಮ?"

"ನಾಗಮಂಗಲದಲ್ಲಿ. ನಮ್ಮಣ್ಣನ ಮಗಳ ಮದುವೆಗೆ. ಬೀಗದ ಕೈ ಬಚ್ಚಲ ಮೊಳೆಗೆ ನೇತಾಕಿದ್ದೆ. ಅದು ಎಲ್ರಿಗೂ ಗೊತ್ತು."

"ಎಲ್ಲರಿಗೂ ಗೊತ್ತು. ಹಂಗಾಗಿ ಕೋಣೆಗೆ ಯಾರು ಬೇಕಾದ್ರೂ ಹೋಗಬಹುದಿತ್ತು. ಆದರೆ ಹಳೆ ಹುಂಡಿಯ ಒಳಗನ್ನ ನೋಡಿದೋನು ಒಬ್ಬನೇ, ಅದನ್ನ ಒಡೆದೋನು. ಚಿಕ್ಕಬೋರಮ್ಮನ ಹಳೆ ಕಂತುಗಳೆಲ್ಲ ಸೋಗೆ ಕಟ್ಟಿದ ಸುರುಳಿಗಳು. ಅವು ಸೆರಗಿನ ಮರೆಯಲ್ಲಿ ಹೋಗಿ ಹುಂಡಿಗೆ ಬಿದ್ದವು. ಇವತ್ತು ಒಡೆದ ಹುಂಡಿಯಲ್ಲಿ ಒಂದೇ ಒಂದು ಸೋಗೆಯ ಎಳೆ ಇಲ್ಲ." ಅವರು ಶಿವಣ್ಣನ ಕಡೆ ತಿರುಗಿದರು. ದನಿ ಏರಲಿಲ್ಲ. "ನಾನು ಬಂದ ತಕ್ಷಣ ನೀನು ಅಂದೆ, ಸೋಗೆ ಸುತ್ತಿದ ಪುಡಿಗಾಸು ಅಂತ. ಎಲ್ಲಿ ನೋಡಿದೆ ಶಿವಣ್ಣ?"

ಆ ಮಾತನ್ನು ಪ್ರಮೀಳಾಳೂ ಕೇಳಿದ್ದಳು, ಬೈಗುಳವೆಂದು ಬಿಟ್ಟಿದ್ದಳು.

"ಯಾರೋ... ಆಲೆಮನೆಯೋರು ಏಳಿರ್ಬೇಕು."

"ಅವರು ಕೂಲಿ ಕಟ್ಟಿಕೊಟ್ಟರು. ಬಿಚ್ಚದೆ ಹಂಗೇ ಹುಂಡಿಗೆ ಬೀಳ್ತಿತ್ತು ಅನ್ನೋದು ಅವರಿಗೂ ಗೊತ್ತಿಲ್ಲ. ಸರಿ, ಅದು ಬಿಡು. ನಿನ್ನ ಸೈಕಲ್ಲುಗಳ ಮೇಲೆ ಅಡವಿನ ಅಂಗಡಿಯವರು ಬಿಳಿ ಬಣ್ಣದಲ್ಲಿ ಬರೆದ ನಂಬರನ್ನ ಯಾಕೆ ಕೆರೆದೆ? ನಾನು ಶ್ರೀರಂಗಪಟ್ಟಣದ ಠಾಣೆಯಲ್ಲಿದ್ದಾಗ ಅಂಥ ನಂಬರು ದಿನಾ ನೋಡಿದ್ದೀನಿ. ಹೋಗಿ ಕೇಳ್ಲಾ, ಯಾವತ್ತು ಬಿಡಿಸಿಕೊಂಡೆ ಅಂತ?"

ಶಿವಣ್ಣ ಕಟ್ಟಿದ್ದ ಕೈ ಬಿಡಿಸಿ ನೆಲದ ಮೇಲೆ ಕೂತ.

"ನನ್ನತ್ರ ದುಡ್ಡಿರ್ಲಿಲ್ಲ," ಎಂದ. "ಎಲ್ರ ಮುಂದೆ ಒಂದೇ ಸಲಕ್ಕೆ ಕೊಟ್ಟ ಅನ್ನಿಸ್ಕೊಳ್ಬೇಕಿತ್ತು. ಕಂತು ಕೇಳಿದ್ರೆ ಮರ್ವಾದೆ ಓಯ್ತದಲ್ಲ. ಸೈಕಲ್ಲು ಅಡ ಇಟ್ಟೆ. ಸೈಕಲ್ಲಿಲ್ದೆ ಬಾಡ್ಗೆ ಎಲ್ಲಿ ಬರ್ಬೇಕು? ವಾರವಾರ ಬಡ್ಡಿ. ಇವ್ಳಾದ್ರೂ ವಾರವಾರ ಬಾಕಿ ತೀರಿಸ್ತಿದ್ಲು. ನಾನು ತೀರಿಸ್ದಷ್ಟೂ ಬೆಳೀತಿತ್ತು. ಕಡೆಗೆ ಸೈಕಲ್ಲು ಮಾರ್ಬುಡ್ತೀವಿ ಅಂತ ಆಳು ಕಳಿಸಿದ್ರು."

"ಅದಕ್ಕೆ ಬಾಣಂತಿ ಮನೆ ಮೇಲೆ ಆಕ್ದ್ಯಾ?" ರಂಗಸ್ವಾಮಿಯ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

"ಅವ್ಳ ಮೇಲೆ ಆಕ್ಬೇಕು ಅಂತಿರ್ಲಿಲ್ಲ. ನೀವೇ ಅವ್ಳ ಕಡೆ ನೋಡಿದ್ರಿ. ನಾನೂ ನೋಡ್ದೆ."

ಮಿಕ್ಕಿದ್ದ ದುಡ್ಡು ಅಂಗಡಿಯ ಡಬ್ಬದಲ್ಲಿತ್ತು. ಬಾಕಿಯ ಅರ್ಧವೂ ಆಗುವುದಿಲ್ಲ. ಸೈಕಲ್ಲುಗಳನ್ನು ಆ ಸಂಜೆಯೇ ಕೊಳ್ಳುವವರು ಯಾರೂ ಇರಲಿಲ್ಲ. ಲೈನ್‌ಮನ್ ಬಂದು ತಂತಿ ಬಿಡಿಸುತ್ತಾನೆ, ಅದನ್ನು ಯಾವ ಪತ್ತೇದಾರನೂ ತಡೆಯಲಾರ. ಶಿವಣ್ಣ ಕೈಮುಗಿದು ಬೈರಮ್ಮನತ್ತ ತೆವಳಿದ.

"ಠಾಣೆಗೆ ಕಳಿಸ್ಬೇಡಿ ಅಕ್ಕಾ. ಉಳಿದಿದ್ದ ಕಂತಲ್ಲಿ ಕೊಟ್ಬುಡ್ತೀನಿ."

ಅಂಗಳದಲ್ಲಿದ್ದವರೆಲ್ಲ ಚಿಕ್ಕಬೋರಮ್ಮನನ್ನು ನೋಡಿದರು. ಅವಳೇ ಏನಾದರೂ ಹೇಳಲಿ, ತಮ್ಮ ತಲೆಯ ಭಾರ ಇಳಿಯಲಿ ಎಂಬಂತೆ. ಬೈರಮ್ಮ ಜಗಲಿಯಿಂದಿಳಿದು ಬಂದಳು.

"ತಪ್ಪಾಯ್ತು ಕಣವ್ವ. ಇಲ್ಲೇ ಇರು. ನೀನೇ ಒಂದ್ ಮಾತು ಏಳು, ಕಂತಿಗೆ ಒಪ್ಕೊಳ್ಳಾನ ಬ್ಯಾಡ್ವ?"

"ಒಪ್ಕೊಳ್ಳಿ," ಎಂದಳು ಚಿಕ್ಕಬೋರಮ್ಮ. "ಇಲ್ದೋನು ಇನ್ನೆಂಗ್ ಕೊಡ್ತಾನೆ." ಸ್ವಲ್ಪ ತಡೆದು ಹೇಳಿದಳು: "ನನ್ನನ್ನ ಆಚೆಗಾಕೋವಾಗ ಮಾತ್ರ ಒಂದೇ ಸಲಕ್ಕೆ ಆಕಿದ್ರಿ ಅಕ್ಕ. ಒಂದ್ ವಾರನೂ ಕೊಡ್ನಿಲ್ಲ."

ಬೈರಮ್ಮನ ತಲೆ ತಗ್ಗಿತು. ಒಳಗೆ ಮಗು ಎದ್ದು ಅಳತೊಡಗಿತು. ಚಿಕ್ಕಬೋರಮ್ಮ ಯಾರ ಮುಖವನ್ನೂ ನೋಡದೆ ಹಂಡೆಯ ಒಂದು ಕಿವಿ ಹಿಡಿದು ಬಾಗಿಲ ಕಡೆ ಎಳೆದಳು. ಅದು ಭಾರವಿತ್ತು. ಪ್ರಮೀಳಾ ಹೋಗಿ ಇನ್ನೊಂದು ಕಿವಿ ಹಿಡಿದಳು.