ಹೊಸಬರ ಕ್ಲಾಸಿನಲ್ಲಿ ಒಬ್ಬ ಹಳಬ

ಕೊನೆಯ ಬೆಂಚಿನಲ್ಲಿ ಮತ್ತೆ ಅದೇ ಮುಖ ಕಂಡಾಗ ಸೇಫ್ಟಿ ಮೇಡಂಗೆ ಮೈಯೆಲ್ಲ ಉರಿಯಿತು.

ಗಾಜಿನ ಬಾಟಲಿ ಕಾರ್ಖಾನೆಗೆ ಹೊಸದಾಗಿ ಸೇರಿದವರಿಗೆ ಸುರಕ್ಷತೆಯ ಪಾಠ ಹೇಳುವುದು ಅವಳ ಕೆಲಸ. ನಿಯಮ ಮುರಿದು ಸಿಕ್ಕಿಬಿದ್ದ ಹಳಬರೂ ಹೊಸಬರ ಜೊತೆ ಕೂತು ಅದನ್ನೇ ಮತ್ತೆ ಕೇಳಬೇಕು; ಅಲ್ಲಿಯ ಶಿಕ್ಷೆ ಅದು. ಬೇರೆಯವರು ತಲೆ ತಗ್ಗಿಸಿಕೊಂಡು ಬರುತ್ತಿದ್ದರು. ಈ ಫೋರ್ಕ್‌ಲಿಫ್ಟ್ ಡ್ರೈವರ್ ಮಾತ್ರ ತಲೆ ಬಾಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮದುವೆ ಮನೆಗೆ ಬಂದವನ ಹಾಗೆ ಬರುತ್ತಿದ್ದ.

ಮೊದಲ ಸಲ ಸೀಟ್ ಬೆಲ್ಟ್ ಹಾಕಿರಲಿಲ್ಲ. ಆಮೇಲೆ ಹೆಲ್ಮೆಟ್ ಇರಲಿಲ್ಲ. ಈಗ ಮೂರನೆಯದು: ಸರಕನ್ನು ತಲೆಯೆತ್ತರಕ್ಕೆ ಎತ್ತಿಕೊಂಡೇ ಗಾಡಿ ಓಡಿಸಿದ್ದ.

"ಎತ್ತಿದ ಸರಕಿನ ಕೆಳಗೆ..." ಎಂದು ಅವಳು ಶುರುಮಾಡಿದಳು.

"ಯಾರೂ ನಿಲ್ಲಬಾರದು," ಎಂದು ಅವನು ಹಿಂದಿನಿಂದ ಮುಗಿಸಿದ. ಹೊಸಬರೆಲ್ಲ ನಕ್ಕರು.

"ಅಷ್ಟು ಚೆನ್ನಾಗಿ ಗೊತ್ತಿದ್ರೆ ನೀವೇ ಬಂದು ಪಾಠ ಮಾಡಿ."

"ಬೇಡ ಮೇಡಂ. ನೀವು ಹೇಳಿದ್ರೇನೇ ಕೇಳೋಕೆ ಚಂದ."

ಅವನು ಕಣ್ಣು ಕೆಳಗೆ ಹಾಕಲಿಲ್ಲ. ಅವಳೇ ಹಾಕಬೇಕಾಯಿತು. ಕಿವಿ ಬಿಸಿಯಾದದ್ದು ಬರೀ ಸಿಟ್ಟಿಗೆ ಎಂದು ತನಗೆ ತಾನೇ ಹೇಳಿಕೊಂಡಳು.

ಊಟದ ಹೊತ್ತಿಗೆ ಸ್ಟೋರಿನ ಅಕ್ಕ ಗುಟ್ಟು ಬಿಚ್ಚಿದಳು. "ಇಷ್ಟು ವರ್ಷ ಅವನ ಮೇಲೆ ಒಂದೇ ಒಂದು ಕಂಪ್ಲೇಂಟ್ ಇರಲಿಲ್ಲ ಕಣೆ. ನೀನು ಬಂದ್ಮೇಲೇ ಶುರು. ಸೂಪರ್‌ವೈಸರ್ ನೋಡ್ತಿರೋವಾಗ್ಲೇ ತಪ್ಪು ಮಾಡ್ತಾನೆ, ನಿನ್ನ ಕ್ಲಾಸಲ್ಲಿ ಕೂರೋಕೆ."

ಬೇರೆ ಹುಡುಗಿಯಾಗಿದ್ದರೆ ನಾಚುತ್ತಿದ್ದಳೇನೋ. ಇವಳು ಅರ್ಧ ಊಟಕ್ಕೇ ಎದ್ದಳು.

ಅವನು ಗೋದಾಮಿನ ಹಿಂದೆ ಗಾಡಿಯನ್ನು ಚಾರ್ಜಿಗೆ ಹಾಕುತ್ತಿದ್ದ.

"ಬೇಕಂತಲೇ ಮಾಡಿದ್ರಾ?"

ಅವನು ಕೈ ಒರೆಸಿಕೊಂಡ. ಸುಳ್ಳು ಹೇಳಲಿಲ್ಲ. "ಹೌದು. ನಿಮ್ಮ ಹತ್ರ ಮಾತಾಡೋಕೆ ಬೇರೆ ದಾರಿ ಕಾಣಲಿಲ್ಲ. ಗೇಟಲ್ಲಿ ನಮಸ್ಕಾರ ಅಂದ್ರೆ ನೀವು ನನ್ನ ಮುಖ ಬಿಟ್ಟು ಸೇಫ್ಟಿ ಶೂ ಹಾಕಿದ್ದೀನಾ ಅಂತ ಕಾಲು ನೋಡ್ತೀರಿ."

"ಸರಕಿನ ಕೆಳಗೆ ಯಾರಾದ್ರೂ ಬಂದಿದ್ರೆ?"

"ಯಾರೂ ಇರ್ಲಿಲ್ಲ. ಚೆನ್ನಾಗಿ ನೋಡ್ಕೊಂಡೇ..."

"ಎಲ್ರೂ ಹಾಗೇ ಅನ್ನೋದು. ನಮ್ಮಪ್ಪನ ಕೈ ಪ್ರೆಸ್ ಮೆಷಿನ್ನಿನೊಳಗೆ ಇದ್ದಾಗ ಸ್ವಿಚ್ ಒತ್ತಿದವನೂ ಹಾಗೇ ಅಂದ. ಯಾರೂ ಇರ್ಲಿಲ್ಲ ಅಂತ." ಅವಳು ಒಂದು ಹೆಜ್ಜೆ ಮುಂದಿಟ್ಟಳು. "ನಾನು ಗಂಟಲು ಹರ್ಕೊಂಡು ಹೇಳೋದು ನಿಮಗೆ ಆಟ. ನಿಮ್ಮಂಥವರನ್ನ ಇಷ್ಟಪಟ್ಟು, ದಿನಾ ಸಂಜೆ ಜೀವ ಕೈಯಲ್ಲಿ ಹಿಡ್ಕೊಂಡು ಬಾಗಿಲಲ್ಲಿ ನಿಂತಿರ್ಬೇಕಾ ನಾನು?"

ಇಷ್ಟಪಟ್ಟು ಎಂದದ್ದು ಇಬ್ಬರಿಗೂ ಕೇಳಿಸಿತು. ಅವಳು ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟೇ ಬಂತು.

ಅಷ್ಟರಲ್ಲಿ ಸೂಪರ್‌ವೈಸರ್ ಬಂದ. "ಒಳ್ಳೆ ಡ್ರೈವರ್ ಮೇಡಂ. ಮೂರನೇ ಸಲ ಅಂತ ನೀವು ರಿಪೋರ್ಟ್ ಕೊಟ್ರೆ ಗಾಡಿ ಕಿತ್ಕೊಂಡು ಇವನನ್ನ ಪ್ಯಾಕಿಂಗಿಗೆ ಹಾಕ್ತಾರೆ. ಬಿಟ್ಬಿಡಿ, ನಾನೂ ಏನೂ ನೋಡಿಲ್ಲ ಅಂತೀನಿ."

ಒಂದು ಹೂಂ ಅಂದರೆ ಅವನ ಗಾಡಿ ಉಳಿಯುತ್ತಿತ್ತು. ಅನ್ನಬೇಕೆಂದು ಅವಳಿಗೂ ಆಸೆಯಾಯಿತು.

"ಬಿಡೋಕಾಗಲ್ಲ," ಎಂದಳು.

ಡ್ರೈವರ್ ಗಾಡಿಯ ಕೀ ತೆಗೆದು ಅವಳ ಅಂಗೈಗೆ ಹಾಕಿದ. "ಬಿಡಬೇಡಿ ಮೇಡಂ."

ಸೂಪರ್‌ವೈಸರ್ ಗೊಣಗುತ್ತ ಹೋದ. ಅವಳು ಕೀಯನ್ನು ಮುಷ್ಟಿಯಲ್ಲಿ ಹಿಡಿದು ಅವನ ಕಡೆ ತಿರುಗಿದಳು.

"ಭಾನುವಾರ ಮನೆಗೆ ಬನ್ನಿ. ಬಾಗಿಲು ಅಪ್ಪ ತೆಗೀತಾರೆ. ಅವರ ಕೈ ಕುಲುಕಿ. ಆಮೇಲೂ ನನ್ನ ಹತ್ರ ಮಾತಾಡೋಕೆ ಮುಖ ಇದ್ರೆ ಮಾತಾಡಿ."

ಭಾನುವಾರ ಅಪ್ಪ ಬಾಗಿಲು ತೆಗೆದು ಬಲಗೈ ಚಾಚಿದರು. ಅದರಲ್ಲಿ ಹೆಬ್ಬೆರಳು, ಕಿರುಬೆರಳು ಬಿಟ್ಟರೆ ಏನೂ ಇರಲಿಲ್ಲ. ಅವನು ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡ. ಬಿಡುವುದು ಅವನಿಂದ ಆಗಲಿಲ್ಲ. ಕಣ್ಣು ತುಂಬಿ ಬಂತು.

"ತಪ್ಪಾಯ್ತು," ಎಂದ.

"ನನಗ್ಯಾಕಪ್ಪ ಹೇಳ್ತೀಯ? ಬೈದು ಬೈದು ಸುಸ್ತಾಗಿ ಒಳಗೆ ಕೂತಿದ್ದಾಳಲ್ಲ, ಅವಳಿಗೆ ಹೇಳು."

"ನನಗಿನ್ನೂ ಸಿಟ್ಟು ಇಳಿದಿಲ್ಲ," ಎಂದು ಒಳಗಿನಿಂದ ದನಿ ಬಂತು.

"ಇಳಿಯೋವರೆಗೂ ಕೂತಿರ್ತೀನಿ."

"ತುಂಬಾ ವರ್ಷ ಹಿಡಿಯುತ್ತೆ."

"ಹಿಡೀಲಿ."

ಅವಳು ಹೊರಗೆ ಬಂದು ಅವನಿಗೊಂದು ಕುರ್ಚಿ ಹಾಕಿದಳು. ಹಾಕುವಾಗ ಬೇಕೆಂದೇ ಸದ್ದು ಮಾಡಿದಳು.